ಜಗಜ್ಜಯ ಕಂಬಳಿ ಕಂಪನಿಯವರಿಗೆ, ನಮ್ಮ ಕೊಟ್ಟಿಗೆ ಗೋಡೆಯ ಬಸವಣ್ಣನ ಎಡಗಿವಿಯ ವಿಚಾರವಾಗಿ

ಹಗಲಿರುಳು ಕಂಬಳಿಯ ಹಿತವನ್ನೇ ಚಿಂತಿಸುತ್ತಿರುವ ಹೊಳಲ್ಕೆರೆಯ ಜಗಜ್ಜಯ ಉಣ್ಣೆ ಕಂಬಳಿ ಕಂಪನಿಯ ಅಧ್ಯಕ್ಷರಾದ ಶ್ರೀಮಾನ್ ರೇವಣಸಿದ್ದಪ್ಪನವರಿಗೂ, ಡೈರೆಕ್ಟರಾದ ಶ್ರೀಮಾನ್ ತಿಪ್ಪೇರುದ್ರಪ್ಪನವರಿಗೂ, ಅವರಿಬ್ಬರ ಬಾಯಿಮಾತನ್ನು ಮಸಿಯಲ್ಲಿ ಅದ್ದಿ ಗಟ್ಟಿಮಾಡಿ ನಮ್ಮಂಥವರ ಮನೆಗೆ ಕಳಿಸುವ ಸೆಕ್ರೆಟರಿ ಶ್ರೀಮಾನ್ ಕಾಟಲಿಂಗಪ್ಪನವರಿಗೂ, ತಾಳ್ಯದ ಲಿಂಗೈಕ್ಯ ದೊಡ್ಡಪ್ಪನವರ ಧರ್ಮಪತ್ನಿ ಶಿವಗಂಗಮ್ಮ ಮೂವರಿಗೂ ಬೇರೆಬೇರೆಯಾಗಿ, ಯಾರಿಗೂ ಹೆಚ್ಚುಕಡಿಮೆಯಾಗದಂತೆ ಮಾಡುವ ಶರಣಾರ್ಥಿಗಳು.

ಮಾನ್ಯರೇ,

ತಾವು ದಯಮಾಡಿ ಕಳಿಸಿದ ನೋಟೀಸು ಹೋದ ವಾರದ ಸೋಮವಾರ, ನಾನು ಪೂಜೆ ಮುಗಿಸಿ ವಿಭೂತಿಯ ಕೈಯನ್ನು ಇನ್ನೂ ತೊಳೆಯದೆ ಇರುವಾಗಲೇ ಬಂದು ತಲುಪಿತು. ಅಷ್ಟು ದಪ್ಪ ಕಾಗದ ನಮ್ಮ ಓಣಿಗೆ ಹಿಂದೆಂದೂ ಬಂದಿರಲಿಲ್ಲವಾದ್ದರಿಂದ, ಯಾವುದೋ ಮಠದ ನಿರೂಪವೆಂದು ತಿಳಿದು ಕಣ್ಣಿಗೊತ್ತಿಕೊಂಡೇ ಬಿಡಿಸಿದೆ. ಊರ ಮಠದ ಅಯ್ಯನವರ ಸಾಲೆಯಲ್ಲಿ ಮರಳ ಮೇಲೆ ಬೆರಳಿಟ್ಟು ಕಲಿತ ಅಕ್ಷರ ನನ್ನದು. ತಮ್ಮ ಸೆಕ್ರೆಟರಿಯವರ ವಾಕ್ಯಗಳಿಗೆ ತಲೆ ಎಲ್ಲಿ, ಬಾಲ ಎಲ್ಲಿ ಎಂದು ತಿಳಿಯಲು ಮೂರು ಸಲ ಓದಬೇಕಾಯಿತು. ಮೂರನೆಯ ಸಲಕ್ಕೆ ತಿಳಿದದ್ದು ಇಷ್ಟು: 'ಎಡಗಿವಿ ಬಾಗಿಸಿ ಮಲಗಿರುವ ಎತ್ತಿನ ಚಿತ್ರವು ನಮ್ಮ ಕಂಪನಿಯ ರಿಜಿಸ್ಟ್ರಿಯಾದ ಮಾರ್ಕಾಗಿರುವುದರಿಂದ, ಸದರಿ ಚಿತ್ರವನ್ನು ಅನುಮತಿಯಿಲ್ಲದೆ ಕೊಟ್ಟಿಗೆಯ ಗೋಡೆಯ ಮೇಲೆ ಇಟ್ಟುಕೊಂಡಿರುವ ತಾವು ಹದಿನೈದು ದಿವಸಗಳೊಳಗೆ ಅದನ್ನು ಕೆರೆದು ಸುಣ್ಣ ಬಳಿಯತಕ್ಕದ್ದು, ಮುಂದೆಂದೂ ಬರೆಯತಕ್ಕದ್ದಲ್ಲ.'

ಸ್ವಾಮಿ, ನನಗೆ ಸಿಟ್ಟು ಬರಲಿಲ್ಲ. ಮೊದಲು ಬಂದದ್ದು ಗೌರವ. ಇನ್ನೊಬ್ಬರ ಮನೆಯ ಗೋಡೆಯಿಂದ ಚಿತ್ರವನ್ನು ಕೊಂಡುಹೋಗಿ, ಆಮೇಲೆ ಆ ಗೋಡೆಗೇ ಕಳ್ಳನೆಂದು ಕಾಗದ ಬರೆಯುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ. ಅದಕ್ಕೆ ಕಂಪನಿಯೇ ಬೇಕು.

ಈ ಪತ್ರವನ್ನು ತಾವು ಮೂವರೇ ಓದಿ ಮಡಿಸಿಡಬಾರದೆಂದು ಒಂದು ಪ್ರತಿಯನ್ನು ನಮ್ಮೂರ ಚಾವಡಿಯಲ್ಲಿ ಓದಿಸಲು ಶಾನುಭೋಗರಿಗೂ, ಇನ್ನೊಂದನ್ನು ಬೆಂಗಳೂರಿನ ಪತ್ರಿಕೆಯವರಿಗೂ ಕಳಿಸಿದ್ದೇನೆ. ಆದಕಾರಣ ವಿಷಯ ತಿಳಿಯದವರಿಗಾಗಿ ಮೊದಲಿನಿಂದ ಹೇಳಬೇಕಾಗಿದೆ. ತಮಗೆ ತಿಳಿದಿರುವುದನ್ನೇ ಮತ್ತೆ ಕೇಳುವ ಕಷ್ಟ ತಮಗೆ ಹೊಸದಲ್ಲ, ಪ್ರತಿ ಸಭೆಯಲ್ಲಿಯೂ ಅಭ್ಯಾಸವಿರುತ್ತದೆ.

ಆ ಬಸವಣ್ಣ ನಮ್ಮ ಗೋಡೆಗೆ ಬಂದದ್ದು ನಾನು ಸೊಸೆಯಾಗಿ ಈ ಮನೆಗೆ ಬರುವುದಕ್ಕಿಂತಲೂ ಮೊದಲು. ಬರೆದವರು ನಮ್ಮತ್ತೆ ಕಾಟಮ್ಮನವರು. ಅವರು ಕುಳ್ಳಗಿನ ಹೆಂಗಸು. ಈಶ್ವರನ ಗುಡಿಯ ಬಸವಣ್ಣನ ಕಿವಿಯಲ್ಲಿ ಮನಸ್ಸಿನ ಮಾತು ಹೇಳಿಕೊಂಡರೆ ಅದು ಸ್ವಾಮಿಗೆ ಮುಟ್ಟುತ್ತದೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಗುಡಿಯ ಬಸವಣ್ಣನ ಕಿವಿ ಎತ್ತರದಲ್ಲಿತ್ತು, ಅದರ ಮುಂದೆ ನಿಂತ ಗಂಡಸರ ಸಾಲು ಉದ್ದವಿತ್ತು. ಮೂರು ಸೋಮವಾರ ಕಾದು, ಮೂರು ಸೋಮವಾರವೂ ಹೇಳಬೇಕಾದದ್ದನ್ನು ಬಾಯಲ್ಲೇ ಇಟ್ಟುಕೊಂಡು ಹಿಂದಿರುಗಿದ ನಮ್ಮತ್ತೆ, ನಾಲ್ಕನೆಯ ಸೋಮವಾರ ಗುಡಿಗೆ ಹೋಗಲೇ ಇಲ್ಲ. ಕೊಟ್ಟಿಗೆಯ ಬಾಗಿಲ ಪಕ್ಕದ ಗೋಡೆಗೆ ಕೆಮ್ಮಣ್ಣು ಬಳಿದು, ಸುಣ್ಣದ ಗೆರೆಯಲ್ಲಿ ಮಲಗಿದ ಬಸವಣ್ಣನನ್ನು ಬರೆದು, ಅವನ ಎಡಗಿವಿಯನ್ನು ತಮ್ಮ ಬಾಯಿಯ ಮಟ್ಟಕ್ಕೆ ಸರಿಯಾಗಿ ಬಾಗಿಸಿದರು. ಅಂದಿನಿಂದ ಇಂದಿನವರೆಗೆ ನಮ್ಮ ಓಣಿಯ ಹೆಂಗಸರು, ಯಾವ ಕುಲದವರಾಗಲಿ, ಸೋಮವಾರ ಬಂದು ಆ ಕಿವಿಯಲ್ಲಿ ಹೇಳಿಹೋಗುವುದು ರೂಢಿ. ವರ್ಷಕ್ಕೊಮ್ಮೆ ಕಾರಹುಣ್ಣಿಮೆಗೆ ನಾನು ಅದೇ ಗೆರೆಯ ಮೇಲೆ ಗೆರೆ ಎಳೆಯುತ್ತೇನೆ. ಮೇಲಿನದು ನನ್ನ ಕೈ, ಅಡಿಯದು ಅತ್ತೆಯ ಕೈ. ಕೆರೆದರೆ ಎರಡೂ ಹೋಗುತ್ತವೆ, ಆಮೇಲೆ ಎಷ್ಟು ಸುಣ್ಣ ಬಳಿದರೂ ಬರುವುದಿಲ್ಲ. ನನ್ನ ಸಂಕಟ ಇಷ್ಟೇ.

ಈ ಚೈತ್ರದಲ್ಲಿ ಹಿರಿಯೂರ ಸಂತೆಯಿಂದ ಬಹಳ ದೂರದ ದಾರಿ ಹಿಡಿದು ಹೊಳಲ್ಕೆರೆಗೆ ಹೊರಟಿದ್ದ ತಮ್ಮ ಗಾಡಿಯ ಗಾಲಿಗಳ ನಡುವಿನ ಇರಸು ಮುರಿದದ್ದು ನಮ್ಮ ಮನೆಯ ಮುಂದೆ. ಅದು ಯಾರ ಪುಣ್ಯವೋ, ಯಾರ ಪಾಪವೋ, ಇನ್ನೂ ತೀರ್ಮಾನವಾಗಿಲ್ಲ. ಮಜ್ಜಿಗೆ ಕುಡಿಯುತ್ತ ನಿಂತ ರೇವಣಸಿದ್ದಪ್ಪನವರು ಗೋಡೆಯ ಚಿತ್ರ ಕಂಡು, ಹತ್ತಿರ ಹೋಗಿ ಬಹಳ ಹೊತ್ತು ಬಗ್ಗಿ ನೋಡಿ, ಬಂದು ಕೈ ಮುಗಿದು ಆಡಿದ ಮಾತು ನನಗೆ ನೆನಪಿದೆ: "ಶಿವಗಂಗಮ್ಮಾರೇ, ನಮ್ಮ ಕಂಪ್ನಿಗೆ ಒಂದು ಮಾರ್ಕು ಬೇಕಾಗೈತ್ರಿ. ಈ ಬಸವಣ್ಣನ್ನೇ ಕಾಗದದ ಮ್ಯಾಲೆ ಬರ್ದು ಕೊಡ್ರಿ. ಒಂದು ಗೆರೆ ಅತ್ತಾಗಿತ್ತಾಗ ಮಾಡ್ಬ್ಯಾಡ್ರಿ ಮತ್ತೆ!" ನಾನು ಒಂದು ಗೆರೆಯೂ ಅತ್ತಿತ್ತಾಗದಂತೆ ಬರೆದುಕೊಟ್ಟೆ. ಆಮೇಲೆ ಗೆರೆಗಳನ್ನು ಅತ್ತಿತ್ತ ಮಾಡುವ ಕೆಲಸವನ್ನು ತಾವೇ ವಹಿಸಿಕೊಂಡಿರಿ.

ಎಂಟು ದಿನಕ್ಕೆ ಜಂಪಣ್ಣ ಬಂದ. ಜಂಪಣ್ಣನೆಂದರೆ ತಮ್ಮ ಕಂಪನಿಯ ಮುದಿ ಜವಾನ. ಬಸವಣ್ಣನಿರುವ ಕಾಗದವೆಂದು ಕಂಕುಳಲ್ಲಿ ಇಡದೆ ಪೇಟದ ಮಡಿಕೆಯಲ್ಲಿ ತಲೆಯ ಮೇಲಿಟ್ಟುಕೊಂಡು ಹೊಳಲ್ಕೆರೆಯಿಂದ ತಾಳ್ಯಕ್ಕೆ ನಡೆದು ಬರುವವನು. ತಮ್ಮಲ್ಲಿ ಆ ಎತ್ತಿಗೆ ಮರ್ಯಾದೆ ಕೊಟ್ಟವನು ಅವನೊಬ್ಬನೇ. "ಅಮ್ಮಾರೇ, ಎತ್ತು ಭಾಳ ಚೆಂದ ಐತಂತ್ರಿ. ಆದ್ರೆ ಮಲಗೈತಲ್ಲ, ಕಂಪ್ನಿನೂ ಮಲಗೈತೆ ಅಂತ ಜನ ತಿಳ್ಕಂತಾರಂತೆ. ಎಬ್ಬಿಸ್ಬೇಕಂತೆ" ಎಂದ. ಎಬ್ಬಿಸಿದೆ. ನಿಂತ ಎತ್ತು ಸುಮ್ಮನೆ ನಿಂತಿದೆ, ಏನಾದರೂ ಉದ್ಯೋಗ ಮಾಡುತ್ತಿರಬೇಕೆಂದು ತಿಪ್ಪೇರುದ್ರಪ್ಪನವರ ಅಪ್ಪಣೆಯಾಯಿತು. ಓಡಿಸಿದೆ. ಓಡುವ ಎತ್ತನ್ನು ಕಂಡವರು ಕಂಪನಿಯೇ ಊರು ಬಿಟ್ಟು ಓಡುತ್ತಿದೆ ಎಂದುಕೊಂಡಾರೆಂದು ರೇವಣಸಿದ್ದಪ್ಪನವರಿಗೆ ಅಂಜಿಕೆಯಾಯಿತು. ಕಡೆಗೆ ಇಬ್ಬರೂ ಕೂಡಿ, ಎತ್ತು ಓಡುತ್ತಿರುವಂತೆ ನಿಂತಿರಲಿ ಎಂದು ಬರೆಸಿ ಕಳಿಸಿದಿರಿ. ಅಂಥ ಎತ್ತನ್ನು ನಾನು ಐವತ್ತು ವರ್ಷದಲ್ಲಿ ಕಂಡಿರಲಿಲ್ಲ, ಆದರೂ ಬರೆದೆ.

ಆಮೇಲೆ ಕಿವಿ. "ಎಡಗಿವಿ ಯಾಕ್ರಿ ಜೋತು ಬಿದ್ದೈತೆ, ಎತ್ತಿಗೆ ಕಿವಿ ಸೋರ್ತೈತಾ?" ಎಂದು ಕಾಟಲಿಂಗಪ್ಪನವರು ಕೇಳಿಕಳಿಸಿದರು. ಅದು ಯಾಕೆ ಬಾಗಿದೆಯೆಂದು ಎರಡು ಪುಟ ಬರೆದೆ. ಉತ್ತರವಾಗಿ, ವಿವರಣೆ ಚೆನ್ನಾಗಿದೆ, ಕಿವಿಯನ್ನು ನೆಟ್ಟಗೆ ಮಾಡಿ ಎಂದು ಬಂತು. ಅತ್ತೆಯವರ ಕ್ಷಮೆ ಕೇಳಿ ಕಾಗದದ ಮೇಲಿನ ಕಿವಿಯನ್ನು ನೆಟ್ಟಗೆ ಮಾಡಿದೆ. ಮುಂಬಯಿಯ ಗಿರಾಕಿಗಳು ಕೊಂಬಿಗೆ ಹೆದರಿಯಾರೆಂದು ಕೊಂಬು ಮೋಟು ಮಾಡಿಸಿದಿರಿ. ಕೊಂಬು ಹೋಗಿ ಕಿವಿ ನೆಟ್ಟಗಾದ ಕಾಗದ ಸಭೆಯಲ್ಲಿ ಬಿಚ್ಚಿದಾಗ, ಅದೇ ಕಾಟಲಿಂಗಪ್ಪನವರು "ಎತ್ತು ಅಂದ್ರೆ ಇವ್ರ್ಯಾಕೆ ಕತ್ತೆ ಬರ್ದು ಕಳ್ಸ್ಯಾರೆ?" ಎಂದು ಮೇಜು ಗುದ್ದಿದರಂತೆ. ಕತ್ತೆಯನ್ನು ಮಾಡಿದವರು ಯಾರೆಂಬುದನ್ನು ಮೇಜು ಮಾತ್ರ ಅವರಿಗೆ ತಿರುಗಿ ಹೇಳಲಿಲ್ಲ.

ತಮ್ಮದು ಕಂಬಳಿ ಕಂಪನಿ, ಕಂಬಳಿ ಬರುವುದು ಕುರಿಯಿಂದ ಎಂಬ ಸಂಗತಿ ಸಭೆಗೆ ಹೊಳೆದದ್ದು ಹನ್ನೊಂದನೆಯ ಕಾಗದಕ್ಕೆ. ಹೊಳೆದದ್ದು ತಿಪ್ಪೇರುದ್ರಪ್ಪನವರಿಗೆ. ಎತ್ತನ್ನು ತೆಗೆದು ಕುರಿಯನ್ನು ಹಾಕಬೇಕೆಂದು ಅವರು, ಪ್ರಾಣ ಹೋದರೂ ಬಸವಣ್ಣನನ್ನು ಬಿಡೆನೆಂದು ರೇವಣಸಿದ್ದಪ್ಪನವರು. ಈ ಇಬ್ಬರು ಹಿರಿಯರು ಒಂದು ತಿಂಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲವೆಂದು ಜಂಪಣ್ಣ ಹೇಳಿದ. ಕೊನೆಗೆ ಆದ ರಾಜಿಯ ಪ್ರಕಾರ ನನಗೆ ಬಂದ ಅಪ್ಪಣೆ: ಎತ್ತು ಎತ್ತಾಗಿಯೇ ಇರಲಿ, ಮೈತುಂಬ ಉಣ್ಣೆ ಬರಲಿ. ಬರೆದೆ, ಸ್ವಾಮಿ. ಆ ಕಾಗದ ಒಣಗಲೆಂದು ಜಗುಲಿಯ ಮೇಲಿಟ್ಟಿದ್ದಾಗ ಬೋರಕ್ಕ ಬಂದಳು. ಅವಳು ನಮ್ಮ ಪಕ್ಕದ ಮನೆಯವಳು, ಕುರಿ ಎತ್ತು ಎರಡನ್ನೂ ಕಟ್ಟಿಕೊಂಡು ಬಾಳಿದವಳು. ಬಹಳ ಹೊತ್ತು ನೋಡಿ, "ಅಕ್ಕಾ, ಇದರವ್ವ ಯಾರ ಮನೆಯೋಳು?" ಎಂದು ಕೇಳಿದಳು. ಕಂಪನಿಯ ಮನೆಯವಳು ಎಂದೆ. "ಹಂಗಾದ್ರೆ ಪಾಪ, ಅಪ್ಪನ್ನ ಕೇಳಬಾರ್ದು ಬಿಡು" ಎಂದು ಹೊರಟುಹೋದಳು.

ಹದಿನಾಲ್ಕನೆಯದಕ್ಕೆ ಎತ್ತಿನ ಹಿಂದೆ ದುರ್ಗದ ಕೋಟೆ ಬಂತು. ಏಳು ಸುತ್ತನ್ನೂ ಎಣಿಸಲು ಬರಬೇಕು, ಆದರೆ ಮಾರ್ಕು ಎರಡು ಬೆರಳಗಲ ಮೀರಬಾರದು. ಹದಿನೈದನೆಯದರಲ್ಲಿ ಎತ್ತಿನ ಮುಖದಲ್ಲಿ ಕಂಪನಿಯ ಬಗ್ಗೆ ಇನ್ನೂ ಸ್ವಲ್ಪ ಅಭಿಮಾನ ಕಾಣಬೇಕೆಂದಿರಿ. ನಾನು ನಮ್ಮ ಕೊಟ್ಟಿಗೆಗೆ ಹೋಗಿ ಎತ್ತುಗಳ ಮುಂದೆ ತಮ್ಮ ಕಂಪನಿಯ ಹೆಸರು ಹೇಳಿ, ಮುಖ ನೋಡಿ ಬಂದೆ. ಅಲ್ಲಿ ಕಂಡದ್ದನ್ನು ಬರೆಯುವುದು ಮರ್ಯಾದೆಯಲ್ಲವೆಂದು ನನಗೆ ತೋಚಿದಂತೆ ಬರೆದು ಕಳಿಸಿದೆ. ಹದಿನಾರನೆಯದು ತಿರುಗಿ ಬಂದಾಗ ಅದರ ಹಿಂದೆ ಸೆಕ್ರೆಟರಿಯವರ ಅಕ್ಷರದಲ್ಲಿ ಇಷ್ಟೇ ಇತ್ತು: 'ಇದು ಸರಿಯಿಲ್ಲ. ಏಕೆಂದು ಹೇಳಲಾಗದು. ಬದಲಾಯಿಸಿ ಕಳಿಸಿದರೆ ತಿಳಿಯುವುದು.' ಇಂಥ ಬುದ್ಧಿವಂತಿಕೆ ಪುಸ್ತಕ ಓದಿ ಬರುವುದಲ್ಲ, ಹುಟ್ಟಿನಿಂದಲೇ ಬರಬೇಕು.

ಇಲ್ಲಿ ನನಗೊಂದು ತೊಡಕಾಯಿತು. ತಾವು ಬೇಡವೆಂದ ಕಾಗದಗಳನ್ನು ನಾನೇನು ಮಾಡಲಿ? ಒಲೆಗೆ ಹಾಕುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ. ಬಸವಣ್ಣನೆಂದು ಮನಸ್ಸಿನಲ್ಲಿ ನೆನೆದು ಬರೆದದ್ದು, ಆಮೇಲೆ ತಾವು ಅದನ್ನು ಕತ್ತೆ ಮಾಡಿದರೂ ಕುರಿ ಮಾಡಿದರೂ ನನ್ನ ಪಾಲಿಗೆ ಬಸವಣ್ಣನೇ. ಆದ್ದರಿಂದ ತಿರುಗಿ ಬಂದದ್ದನ್ನೆಲ್ಲ ದೇವರ ಜಗುಲಿಯ ಮೇಲೆ ಸಾಲಾಗಿ ಇಡುತ್ತ ಬಂದೆ. ನಿಂತವನು, ಓಡಿದವನು, ಓಡುತ್ತಿರುವಂತೆ ನಿಂತವನು, ಕೊಂಬಿಲ್ಲದವನು, ಉಣ್ಣೆಯವನು, ಕೋಟೆಯ ಕಲ್ಲಿನ ನಡುವೆ ಸಿಕ್ಕಿಕೊಂಡವನು, ಎಲ್ಲರಿಗೂ ಬೆಳಿಗ್ಗೆ ಒಂದೊಂದು ಹೂವು. ಮೊದಲು ಅರ್ಧ ಗಳಿಗೆಯಲ್ಲಿ ಮುಗಿಯುತ್ತಿದ್ದ ನನ್ನ ಪೂಜೆ ತಮ್ಮ ಸಭೆಗಳ ದೆಸೆಯಿಂದ ಎರಡು ಗಳಿಗೆಯಾಯಿತು. ನನ್ನ ಭಕ್ತಿಯನ್ನು ಇಷ್ಟು ಬೆಳೆಸಿದ ಕೀರ್ತಿ ಬೇರೆ ಯಾವ ಗುರುವಿಗೂ ಸಲ್ಲದು.

ಹದಿನೇಳನೆಯ ಕಾಗದ ತಂದ ದಿನ ಜಂಪಣ್ಣ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, "ಅಮ್ಮಾರೇ, ನನ್ನ ಕಾಲು ಸವೆದ್ವು. ಇವ್ರು ಮನುಷ್ಯರು ಹೇಳಿದ್ದು ಕೇಳಾಕಿಲ್ಲ. ದೇವರ್ನೇ ಕೇಳಾಣ" ಎಂದ. ಅವನ ಮಾತನ್ನು ತಾವು ಒಪ್ಪಿದಿರಿ. ತಮ್ಮ ಕಂಪನಿಯಲ್ಲಿ ನಡೆದ ಒಂದೇ ವಿವೇಕದ ಕೆಲಸ ಜವಾನನದು. ಶ್ರಾವಣದ ಸೋಮವಾರ ತಾವು ಮೂವರೂ ನಮ್ಮ ಮನೆಗೆ ಬಂದಿರಿ. ಹದಿನೇಳು ಕಾಗದಗಳನ್ನೂ ಜಗುಲಿಯ ಗೋಡೆಗೆ ಆನಿಸಿ, ಒಂದೊಂದರ ನೆತ್ತಿಗೂ ಒದ್ದೆ ಮಾಡಿದ ಕಣಗಿಲೆ ಹೂವನ್ನು ಅಂಟಿಸಿ, ಯಾವುದರ ಹೂವು ಮೊದಲು ಬೀಳುವುದೋ ಅದೇ ಮಾರ್ಕೆಂದು ಕೈ ಮುಗಿದು ಕುಳಿತೆವು. ಮೊದಲನೆಯ ಕಾಗದದ ಹೂವು ಬಿತ್ತು, ಮಲಗಿದವನದು, ಎಡಗಿವಿ ಬಾಗಿದವನದು. ತಿಪ್ಪೇರುದ್ರಪ್ಪನವರು ಉಣ್ಣೆಯ ಎತ್ತಿನ ಹೂವನ್ನು ಕಣ್ಣಿಂದಲೇ ಕೆಳಕ್ಕೆ ಎಳೆಯುತ್ತ, "ಇನ್ನೊಂದ್ಸಾರಿ ಕೇಳ್ರಿ, ದೇವರಿಗೆ ಸರಿಯಾಗಿ ಕಾಣ್ಲಿಲ್ಲೇನೋ" ಎಂದರು. ಮೂರು ಸಲ ಕೇಳಿದೆವು. ಮೂರು ಸಲವೂ ಅವನೇ. ಇಷ್ಟಾದ ಮೇಲೆ ಸಭೆಯ ಪುಸ್ತಕದಲ್ಲಿ ಕಾಟಲಿಂಗಪ್ಪನವರು ಬರೆದದ್ದೇನೆಂದು ಜಂಪಣ್ಣನಿಂದ ಕೇಳಿದೆ: 'ಡೈರೆಕ್ಟರುಗಳು ಹದಿನೇಳು ಬಾರಿ ಪರಿಶ್ರಮಪಟ್ಟು ತಿದ್ದಿದ ಫಲವಾಗಿ ಮಾರ್ಕು ಈಗಿನ ಅಂದಕ್ಕೆ ಬಂದಿರುತ್ತದೆ.'

ಅಂದು ಹೊರಡುವಾಗ ನಾನೊಂದು ಮಾತು ಕೇಳಿದೆ. "ಕಂಬಳಿ ನೆಲಕ್ಕೆ ಹಾಸೋ ವಸ್ತು. ಅದರ ಮೂಲೆಗೆ ಬಸವಣ್ಣನ್ನ ಹೊಲಿದ್ರೆ ಜನ ಎಲ್ಲಿ ಕುಂತ್ಕಬೇಕ್ರಿ?" ಅದಕ್ಕೆ ಸೆಕ್ರೆಟರಿಯವರು ನಕ್ಕು, "ಯಾಪಾರ ನಮಗೆ ಬಿಡ್ರಿ ಅಮ್ಮಾರೇ, ಗೆರೆ ನಿಮಗಿರ್ಲಿ" ಎಂದರು. ಬಿಟ್ಟೆ.

ಆಶ್ವಯುಜದಲ್ಲಿ ಕಂಬಳಿಗಳು ಹೊರಬಿದ್ದವು. ಮೂಲೆಗೆ ಬಿಳಿ ಬಟ್ಟೆಯ ತುಂಡು, ಅದರ ಮೇಲೆ ಮರದ ಅಚ್ಚಿನಿಂದ ಒತ್ತಿದ ನಮ್ಮ ಬಸವಣ್ಣ, ನಾಲ್ಕು ಮೂಲೆಗೆ ನಾಲ್ಕು ಹೊಲಿಗೆ. ನನಗೂ ಒಂದು ಕಂಬಳಿ ಕಳಿಸಿದಿರಿ. ಹಾಸಿ ಕೂರಲು ಹೋದೆ, ಕೂರಲು ಆಗಲಿಲ್ಲ. ಕತ್ತರಿ ತಂದು ಹೊಲಿಗೆ ಬಿಚ್ಚಿ, ಬಟ್ಟೆಯ ತುಂಡನ್ನು ಕಣ್ಣಿಗೊತ್ತಿಕೊಂಡು ಜಗುಲಿಯ ಮೇಲೆ ಹದಿನೆಂಟನೆಯವನಾಗಿ ಇಟ್ಟೆ. ನಾನೊಬ್ಬಳೇ ಹೀಗೆ ಮಾಡಿದೆನೆಂದುಕೊಂಡಿದ್ದೆ. ಐಮಂಗಲದ ರೈತರೂ ಅದನ್ನೇ ಮಾಡಿದರಂತೆ, ಭರಮಸಾಗರದ ಅಂಗಡಿಯವರೂ ಅದನ್ನೇ ಮಾಡಿದರಂತೆ, ಹೊಸದುರ್ಗದ ಕಡೆ ಕಂಬಳಿ ಕೊಂಡ ಜಾಗದಲ್ಲೇ ಕತ್ತರಿ ಕೇಳುತ್ತಾರಂತೆ. ಕತ್ತರಿಸಿದ ಬಸವಣ್ಣನನ್ನು ಬಿಸಾಡಲಾಗದೆ ಎಲ್ಲರೂ ಗಂಜಿ ಹಚ್ಚಿ ತಮ್ಮತಮ್ಮ ಕೊಟ್ಟಿಗೆಯ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ. ಹೀಗಾಗಿ ತಮ್ಮ ಮಾರ್ಕು ಸೀಮೆಯ ಎಲ್ಲ ಬಾಗಿಲ ಮೇಲೂ ಇದೆ, ಕಂಬಳಿಯ ಮೇಲೆ ಮಾತ್ರ ಇಲ್ಲ. ಕಂಬಳಿಯಲ್ಲಿ ಉಳಿದಿರುವುದು ಹೊಲಿಗೆ ಬಿಚ್ಚಿದ ನಾಲ್ಕು ತೂತು. ಸಂತೆಯಲ್ಲಿ ಈಗ ಜನ ಮೂಲೆ ಹಿಡಿದು, ಬೆಳಕಿಗೆ ಎತ್ತಿ, "ನಾಕು ತೂತು ಐತೇನಪ್ಪ? ಹಂಗಾದ್ರೆ ಜಗಜ್ಜಯದ್ದೇ ಬಿಡು" ಎನ್ನುತ್ತಾರಂತೆ. ಹದಿನೇಳು ಸಭೆಯಲ್ಲಿ ತಮಗೆ ಸಿಕ್ಕದ ಮಾರ್ಕನ್ನು ಗಿರಾಕಿಗಳು ಒಂದು ಕತ್ತರಿಯಿಂದ ಮಾಡಿಕೊಟ್ಟರು. ಅದಕ್ಕೆ ಕೊಂಬಿಲ್ಲ, ಕಿವಿ ಸೋರುವುದಿಲ್ಲ, ಎರಡು ಬೆರಳಗಲದಲ್ಲಿ ಸುಖವಾಗಿ ಹಿಡಿಯುತ್ತದೆ. ದಯವಿಟ್ಟು ಅದನ್ನೇ ರಿಜಿಸ್ಟ್ರಿ ಮಾಡಿಸಿಕೊಂಡು ನಮ್ಮ ಬಸವಣ್ಣನನ್ನು ಬಿಟ್ಟುಬಿಡಿ ಎಂದು ಕೇಳಿಕೊಳ್ಳಬೇಕೆಂದಿದ್ದೆ.

ಅಷ್ಟರಲ್ಲಿ ತಮ್ಮ ನೋಟೀಸು ಬಂತು. ಬಾಗಿಲಿಗೆ ಅಂಟಿದವೆಲ್ಲ ಕಳ್ಳಮಾರ್ಕೆಂದು ತಾವು ಪಟ್ಟಿ ಮಾಡಿಸಿ, ಆ ಪಟ್ಟಿಯಲ್ಲಿ ಮೊದಲನೆಯ ಕಳ್ಳಿಯಾಗಿ ನನ್ನನ್ನು ಬರೆಸಿದ್ದೀರಂತೆ. ಆ ಗೋಡೆಯ ಮುಂದೆ ನಿಂತು ಮಜ್ಜಿಗೆ ಕುಡಿದವರು ತಾವೇ, ಆ ಜಗುಲಿಯ ಮುಂದೆ ಕೈ ಮುಗಿದು ಕುಳಿತವರೂ ತಾವೇ. ಮಜ್ಜಿಗೆಯ ತಂಬಿಗೆಗೂ ನೆನಪಿರುವುದು ಡೈರೆಕ್ಟರುಗಳಿಗೆ ಮರೆತುಹೋಗುವುದೆಂದರೆ, ಹುದ್ದೆಯ ಭಾರ ಎಷ್ಟಿರಬೇಕು!

ಆಗಲಿ. ತಾವು ಓದಿದವರು, ಕಾಯಿದೆ ಬಲ್ಲವರು. ಎತ್ತು ಕಂಪನಿಯದೆಂದು ತಾವು ಹೇಳಿದ ಮೇಲೆ ನಾನು ಇಲ್ಲವೆನ್ನುವುದಿಲ್ಲ. ಆದರೆ ಎತ್ತು ತಮ್ಮದಾದರೆ ಎಡಗಿವಿಯೂ ತಮ್ಮದೇ. ಅದನ್ನು ಬಿಟ್ಟು ಉಳಿದ ಎತ್ತನ್ನು ಮಾತ್ರ ತಾವು ರಿಜಿಸ್ಟ್ರಿ ಮಾಡಿಸಿಲ್ಲ, ನೋಟೀಸಿನಲ್ಲಿ 'ಎಡಗಿವಿ ಬಾಗಿಸಿ' ಎಂದು ತಾವೇ ಮೊದಲು ಬರೆದಿದ್ದೀರಿ. ಆ ಕಿವಿಯಲ್ಲಿ ನಮ್ಮತ್ತೆಯ ಕಾಲದಿಂದ ಹೇಳಿದ ಮಾತುಗಳಿವೆ. ಬೋರಕ್ಕನ ಮಗಳು ಐದು ವರ್ಷದಿಂದ ಬಸಿರಾಗಲಿಲ್ಲವೆಂಬುದು ಅದರಲ್ಲಿದೆ. ಕೆಳಗಿನ ಓಣಿಯ ಹುಡುಗಿಯೊಬ್ಬಳು ಗಂಡನ ಮನೆಗೆ ಹಿಂದಿರುಗಿ ಹೋಗಲಾರೆನೆಂದು ಅತ್ತದ್ದು ಅದರಲ್ಲಿದೆ. ನಮ್ಮ ಯಜಮಾನರು ಹಾಸಿಗೆ ಹಿಡಿದಾಗ ನಾನು ಹೇಳಿಕೊಂಡದ್ದು ಒಂದಿದೆ. ಅದು ನಡೆಯಲಿಲ್ಲ, ನಡೆಯದಿದ್ದರೂ ಕೇಳಿಸಿಕೊಂಡವನು ಒಬ್ಬನಿದ್ದನೆಂಬ ಒಂದೇ ಧೈರ್ಯದಲ್ಲಿ ಈ ಆರು ವರ್ಷ ಕಳೆದೆ. ಇವೆಲ್ಲವೂ ಈಗ ಕಂಪನಿಯ ಸ್ವತ್ತು. ಸಂತೋಷದಿಂದ ಒಪ್ಪಿಸುತ್ತಿದ್ದೇನೆ.

ತಾವು ಕೊಟ್ಟ ಹದಿನೈದು ದಿನ ತೀರುವುದು ಬರುವ ಸೋಮವಾರ. ಆ ದಿನ ನಾನು ಗೋಡೆ ಕೆರೆಯುವುದಿಲ್ಲ, ನನ್ನ ಕೈ ಅದಕ್ಕೆ ಏಳುವುದಿಲ್ಲ. ತಾವೇ ಬಂದು ಕೆರೆಯಬಹುದು, ಕುಡುಗೋಲು ನಮ್ಮಲ್ಲಿದೆ, ಮಜ್ಜಿಗೆಯೂ ಇರುತ್ತದೆ. ಕೆರೆದು ಮುಗಿದ ಮೇಲೆ ನಮ್ಮ ಓಣಿಯ ಹೆಂಗಸರಿಗೆ ಹೇಳಿಕೊಳ್ಳಲು ಜಾಗವಿಲ್ಲವಾಗುವುದರಿಂದ, ಅದರ ಮುಂದಿನ ಸೋಮವಾರದಿಂದ ಅವರು ಗಾಡಿ ಕಟ್ಟಿಕೊಂಡು ನೇರವಾಗಿ ಹೊಳಲ್ಕೆರೆಗೆ, ತಮ್ಮ ಆಫೀಸಿಗೇ ಬರುತ್ತಾರೆ. ಸೆಕ್ರೆಟರಿ ಕಾಟಲಿಂಗಪ್ಪನವರು ಬೆಳಿಗ್ಗೆ ಮಡಿಯುಟ್ಟು, ಬಾಗಿಲ ಪಕ್ಕದಲ್ಲಿ ಕಾಲು ಮಡಿಸಿ ಮಲಗಿ, ಎಡಗಿವಿಯನ್ನು ಕುಳ್ಳಗಿನವರಿಗೂ ಎಟುಕುವಷ್ಟು ಬಾಗಿಸಿಕೊಂಡಿರಬೇಕಾಗಿ ಪ್ರಾರ್ಥನೆ. ಮೈಮೇಲೆ ಉಣ್ಣೆ ಇರಲೇಬೇಕೆಂಬ ಬಲವಂತವಿಲ್ಲ. ನಡುವೆ ಎದ್ದು ನಿಲ್ಲಬಾರದು, ಓಡಬಾರದು, ಓಡುತ್ತಿರುವಂತೆ ನಿಲ್ಲಲೂ ಬಾರದು. ಕೇಳಿದ್ದನ್ನು ಸಭೆಯ ಪುಸ್ತಕದಲ್ಲಿ ಬರೆಯಬಾರದು. ಅವರು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದಾರೋ ಇಲ್ಲವೋ ಎಂದು ಹೆಂಗಸರು ಹೇಳಿಕಳಿಸುತ್ತಾರೆ. ಸರಿಯಿಲ್ಲದಿದ್ದರೆ ಏಕೆಂದು ಹೇಳಲಾಗದು, ಬದಲಾಯಿಸಿಕೊಂಡು ಮಲಗಿದರೆ ತಿಳಿಯುವುದು. ಹದಿನೇಳು ಸಲಕ್ಕೆ ಸರಿಯಾಗದವರು ಯಾರೂ ಇಲ್ಲವೆಂಬುದನ್ನು ತಾವೇ ನನಗೆ ಕಲಿಸಿದ್ದೀರಿ.

ಇದಿಷ್ಟೂ ಕಷ್ಟವೆಂದು ತೋರಿದರೆ ಇನ್ನೊಂದು ಸುಲಭದ ದಾರಿಯಿದೆ. ಆ ನೋಟೀಸನ್ನು ಹಿಂತೆಗೆದುಕೊಂಡೆವೆಂದು ಒಂದು ಸಾಲು ಬರೆದು ಜಂಪಣ್ಣನ ಪೇಟದಲ್ಲಿಟ್ಟು ಕಳಿಸುವುದು. ಮೊದಲ ಸಲಕ್ಕೇ ಸ್ವೀಕರಿಸುತ್ತೇನೆ, ಒಂದು ಅಕ್ಷರವನ್ನೂ ತಿದ್ದಿಸುವುದಿಲ್ಲ.

ಇತಿ,
ತಮಗಿಂತ ತಮ್ಮ ಎತ್ತಿನ ಮೇಲೆ ಹೆಚ್ಚು ನಂಬಿಕೆಯಿಟ್ಟಿರುವ,
ತಮ್ಮ ವಿಶ್ವಾಸಿ,
ಶಿವಗಂಗಮ್ಮ
ತಾಳ್ಯ, ಸಾಧಾರಣ ಸಂವತ್ಸರದ ಮಾರ್ಗಶಿರ ಮಾಸ

ಮತ್ತೊಂದು ಮಾತು ಮರೆತಿದ್ದೆ. ಇರಸು ಮುರಿದ ದಿನ ರೇವಣಸಿದ್ದಪ್ಪನವರು ಗೋಡೆಯ ಹತ್ತಿರ ಬಹಳ ಹೊತ್ತು ಬಗ್ಗಿದ್ದರೆಂದು ಮೇಲೆ ಬರೆದೆನಲ್ಲ. ಅವರು ಬರಿಯ ಗೆರೆಗಳನ್ನು ನೋಡುತ್ತಿರಲಿಲ್ಲ, ಕಿವಿಗೆ ಬಾಯಿಟ್ಟು ಕೈ ಮರೆ ಮಾಡಿಕೊಂಡಿದ್ದರು. ಆದರೆ ಗಂಡಸರಿಗೆ ಮೆಲ್ಲಗೆ ಹೇಳಿಕೊಳ್ಳುವ ಅಭ್ಯಾಸ ಕಡಿಮೆ, ನಾನು ಬೀಸುವ ಕಲ್ಲನ್ನು ಆಗ ತಾನೇ ನಿಲ್ಲಿಸಿದ್ದೆ. ಎತ್ತು ನಮ್ಮ ಮನೆಯದಾಗಿರುವವರೆಗೆ ಅದು ಕೇಳಿದ್ದು ನನಗೂ ಗುಟ್ಟು, ನನ್ನ ಬಾಯಿಂದ ಹೊರಬೀಳುವುದಿಲ್ಲ. ಕಂಪನಿಯದಾದ ಮೇಲೆ ಮಾತ್ರ, ಅದರ ಕಿವಿಯಲ್ಲಿರುವುದನ್ನು ಡೈರೆಕ್ಟರುಗಳೆಲ್ಲರ ಮುಂದೆ ಒಪ್ಪಿಸುವುದು ನನ್ನ ಧರ್ಮವಾಗುತ್ತದೆ. ಆ ಸಭೆಗೆ ತಿಪ್ಪೇರುದ್ರಪ್ಪನವರು ತಪ್ಪದೆ ಬರಬೇಕು. ಹೇಳಿಕೊಂಡದ್ದೆಲ್ಲ ಅವರ ವಿಷಯವೇ.